ಮನೆಯ ಹಿರಿಯರು ಮತ್ತು ಡಿ ಜೀವಸತ್ವ
ಹುಟ್ಟಿನಿಂದ ಬಂದುದೆಷ್ಟು, ಬಾಳುವೆಯಿಂದ ಬಂದುದೆಷ್ಟು?

ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆ, ಹೆರಿಗೆಗಳ ನಡುವಿನ ಅಂತರ, ಲಸಿಕೆ ಇವೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಹಳ್ಳಿಯ ಎಷ್ಟೋ ಮನೆಗಳಲ್ಲಿ ಗಂಡ, ಹೆಂಡತಿ, ಮಕ್ಕಳು ಇವರ ಜೊತೆಗೆ ಜಗಲಿಯ ಮೇಲೊಬ್ಬ ತಂದೆ, ನಡುಮನೆಯಲ್ಲೊಬ್ಬ ತಾಯಿ ಇರುತ್ತಾರೆ. ಅವರ ಆರೋಗ್ಯವೂ ಕುಟುಂಬದ ಆರೋಗ್ಯವೇ. ಅವರು ಹಾಸಿಗೆ ಹಿಡಿದರೆ ಸೊಸೆಯ ಕೂಲಿ ತಪ್ಪುತ್ತದೆ, ಮಗನ ಸಾಲ ಬೆಳೆಯುತ್ತದೆ, ಕೆಲವೊಮ್ಮೆ ಮೊಮ್ಮಗಳ ಶಾಲೆಯೂ ನಿಲ್ಲುತ್ತದೆ. ಆದುದರಿಂದ ಈ ಲೇಖನವು ನಿಮ್ಮ ಮನೆಯ ಹಿರಿಯರನ್ನು ಕುರಿತದ್ದಾದರೂ ಇದನ್ನು ಓದಬೇಕಾದವರು ದಂಪತಿಗಳಾದ ನೀವು.

ಒಮ್ಮೆ ಗಮನವಿಟ್ಟು ನೋಡಿರಿ. ನೆಲದ ಮೇಲೆ ಕುಳಿತ ಅತ್ತೆಯವರು ಏಳಬೇಕಾದಾಗ ಮೊದಲು ಕಂಬವನ್ನೋ ಗೋಡೆಯನ್ನೋ ಹುಡುಕುತ್ತಾರೆಯೆ? ಹೊಸ್ತಿಲು ದಾಟುವಾಗ ತೊಡೆಗೆ ಕೈ ಊರುತ್ತಾರೆಯೆ? ನಡೆಯುವಾಗ ಬಾತುಕೋಳಿಯಂತೆ ಎಡಕ್ಕೂ ಬಲಕ್ಕೂ ಓಲುತ್ತಾರೆಯೆ? ಸೊಂಟ, ತೊಡೆ, ಪಕ್ಕೆಲುಬುಗಳಲ್ಲಿ ಒಳಗೊಳಗೇ ನೋವೆಂದು ಹೇಳುತ್ತಾರೆಯೆ? ಮುಂಗಾಲಿನ ಮೂಳೆಯನ್ನು ಬೆರಳಿನಿಂದ ಒತ್ತಿದರೆ ಹುಬ್ಬು ಗಂಟಿಕ್ಕುತ್ತಾರೆಯೆ? ಇಂಥ ನೋವಿಗೆ ನಮ್ಮ ಮನೆಗಳಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, “ವಯಸ್ಸಾಯಿತಲ್ಲ” ಎಂಬುದು. ಇನ್ನೊಂದು, “ನಮ್ಮ ವಂಶದಲ್ಲೇ ಹೀಗೆ, ಅಜ್ಜಿಗೂ ಹೀಗೆಯೇ ಇತ್ತು” ಎಂಬುದು. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಎರಡೂ ಸೇರಿ ಮಾಡುವ ಹಾನಿ ದೊಡ್ಡದು. ವಯಸ್ಸಿನದು ಅಥವಾ ವಂಶದ್ದು ಎಂದುಕೊಂಡ ಮೇಲೆ ಯಾರೂ ಏನನ್ನೂ ಮಾಡಲು ಹೋಗುವುದಿಲ್ಲ. ಮೂಳೆ ಮೆತ್ತಗಾಗಿ, ಮಾಂಸಖಂಡ ಸೋತು, ಒಂದು ದಿನ ಬಚ್ಚಲಿನಲ್ಲಿ ಕಾಲು ಜಾರಿ ಸೊಂಟದ ಕೀಲಿನ ಬಳಿ ಮೂಳೆ ಮುರಿದಾಗಲೇ ಮನೆಯವರೆಲ್ಲ ಎಚ್ಚರಗೊಳ್ಳುವುದು.

ಮೇಲೆ ಹೇಳಿದ ಲಕ್ಷಣಗಳಿಗೆ ಒಂದು ಮುಖ್ಯ ಕಾರಣ ಡಿ ಜೀವಸತ್ವದ ಕೊರತೆ. ಔಷಧದ ಅಂಗಡಿಯಲ್ಲಿ ಇದನ್ನು ವಿಟಮಿನ್ ಡಿ ಎನ್ನುತ್ತಾರೆ.

ಭತ್ತ, ಅಕ್ಕಿ, ಅನ್ನ

ಉಳಿದ ಜೀವಸತ್ವಗಳನ್ನು ನಾವು ಮುಖ್ಯವಾಗಿ ಆಹಾರದಿಂದ ಪಡೆಯುತ್ತೇವೆ. ಡಿ ಜೀವಸತ್ವವನ್ನಾದರೋ ಬಹುಪಾಲು ನಮ್ಮ ಚರ್ಮವೇ ತಯಾರಿಸುತ್ತದೆ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವು ಬರಿಯ ಚರ್ಮದ ಮೇಲೆ ಬಿದ್ದಾಗ, ಚರ್ಮದಲ್ಲಿರುವ ಕೊಬ್ಬಿನ ಜಾತಿಯ ಒಂದು ವಸ್ತು ಡಿ ಜೀವಸತ್ವವಾಗಿ ಮಾರ್ಪಡುತ್ತದೆ. 1919ರಲ್ಲಿ ಬರ್ಲಿನ್ ನಗರದ ವೈದ್ಯರೊಬ್ಬರು ಕಾಲು ಬಾಗಿದ ಮಕ್ಕಳನ್ನು ಅತಿನೇರಳೆ ಕಿರಣದ ದೀಪದ ಕೆಳಗೆ ಇರಿಸಿ ಗುಣಪಡಿಸಿದರು. ಅದೇ ಸುಮಾರಿಗೆ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲ್ಲನ್‌ಬಿ ಎಂಬವರು ಅಂಥದೇ ರೋಗವಿದ್ದ ನಾಯಿಮರಿಗಳನ್ನು ಮೀನೆಣ್ಣೆಯಿಂದ ಗುಣಪಡಿಸಬಹುದೆಂದು ತೋರಿಸಿದರು. ಬಿಸಿಲೂ ಮೀನೆಣ್ಣೆಯೂ ಒಂದೇ ಕೆಲಸವನ್ನು ಮಾಡುತ್ತಿದ್ದುವೆಂಬುದು ತಿಳಿದದ್ದು ಅನಂತರ.

ಚರ್ಮದಲ್ಲಿ ಹುಟ್ಟಿದ ಡಿ ಜೀವಸತ್ವವು ಹಾಗೆಯೇ ಉಪಯೋಗಕ್ಕೆ ಬಾರದು. ಇದನ್ನು ನಮ್ಮ ಬೆಳೆಯ ಉದಾಹರಣೆಯಿಂದ ತಿಳಿಯಬಹುದು. ಚರ್ಮವು ಬೆಳೆದುಕೊಡುವುದು ಭತ್ತ. ಭತ್ತವನ್ನು ಯಾರೂ ಉಣ್ಣಲಾರರು. ಅದು ರಕ್ತದ ಮೂಲಕ ಯಕೃತ್ತಿಗೆ, ಅಂದರೆ ಪಿತ್ತಜನಕಾಂಗಕ್ಕೆ, ಹೋಗಿ ಅಲ್ಲಿ ಅಕ್ಕಿಯಾಗುತ್ತದೆ. ಈ ಅಕ್ಕಿಯೇ ದೇಹದ ದಾಸ್ತಾನು. ರಕ್ತಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ. ಅಕ್ಕಿಯು ಮೂತ್ರಪಿಂಡದಲ್ಲಿ ಬೇಕಾದಷ್ಟೇ, ಬೇಕಾದಾಗಲೇ ಅನ್ನವಾಗುತ್ತದೆ. ಆ ಅನ್ನವು ಕರುಳಿಗೆ ತಲುಪಿ, ನಾವು ಉಂಡ ಆಹಾರದಲ್ಲಿನ ಸುಣ್ಣದ ಅಂಶ ರಕ್ತಕ್ಕೆ ಸೇರುವಂತೆ ಬಾಗಿಲು ತೆರೆಯುತ್ತದೆ.

ಈ ಬಾಗಿಲು ಚೆನ್ನಾಗಿ ತೆರೆದಿದ್ದರೆ ಆಹಾರದ ಸುಣ್ಣದಲ್ಲಿ ನೂರಕ್ಕೆ 30 ರಿಂದ 40 ಭಾಗ ದೇಹಕ್ಕೆ ಸೇರುತ್ತದೆ. ಡಿ ಜೀವಸತ್ವ ತೀರ ಕಡಿಮೆಯಾದಾಗ 10 ರಿಂದ 15 ಭಾಗ ಮಾತ್ರ. ಉಳಿದದ್ದು ಮಲದೊಡನೆ ಹೊರಗೆ ಹೋಗುತ್ತದೆ. ರಕ್ತದಲ್ಲಿ ಸುಣ್ಣದ ಮಟ್ಟ ಇಳಿದರೆ ಹೃದಯಕ್ಕೂ ನರಗಳಿಗೂ ಅಪಾಯ. ಅದನ್ನು ತಪ್ಪಿಸಲು ದೇಹವು ಮೂಳೆಯಲ್ಲಿ ಕೂಡಿಟ್ಟ ಸುಣ್ಣವನ್ನೇ ಕಿತ್ತು ರಕ್ತಕ್ಕೆ ಹಾಕುತ್ತದೆ. ದಿನಖರ್ಚಿಗೆಂದು ಮನೆಯ ತೊಲೆಯನ್ನೇ ಕಳಚಿ ಮಾರಿದಂತೆ ಇದು. ಹೊರಗಿನಿಂದ ನೋಡುವವರಿಗೆ ಮನೆ ನಿಂತೇ ಇರುತ್ತದೆ.

ನಮ್ಮ ರಾಗಿಯ ವಿಷಯವನ್ನು ಇಲ್ಲಿ ಹೇಳಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿಯಲ್ಲಾಗಲಿ ಗೋಧಿಯಲ್ಲಾಗಲಿ ಇದರ ಹತ್ತಿರಕ್ಕೂ ಬರುವಷ್ಟಿಲ್ಲ. ಮುದ್ದೆ ಉಂಡವರ ಮೂಳೆ ಗಟ್ಟಿಯೆಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ರಾಗಿಯಲ್ಲಿ ಡಿ ಜೀವಸತ್ವವಿಲ್ಲ. ಮುದ್ದೆಯು ಸುಣ್ಣವನ್ನು ಬಾಗಿಲ ತನಕ ತಂದು ನಿಲ್ಲಿಸುತ್ತದೆ; ಬಾಗಿಲು ತೆರೆಯುವುದು ಬಿಸಿಲಿನ ಕೆಲಸ.

ವಂಶದಿಂದ ಬರುವುದೇನು?

ತಂದೆ ತಾಯಿಯರಿಂದ ಮಕ್ಕಳಿಗೆ ಮೂಗು, ಬಣ್ಣ, ಎತ್ತರ ಬರುವಂತೆ ಡಿ ಜೀವಸತ್ವದ ವಿಷಯದಲ್ಲಿಯೂ ಕೆಲವು ಗುಣಗಳು ಬರುತ್ತವೆ. ಜೀವಕೋಶದಲ್ಲಿದ್ದು ಇವನ್ನು ಸಾಗಿಸುವ ಕಣಗಳಿಗೆ ವಂಶವಾಹಿಗಳೆಂದು ಹೆಸರು. 2010ರಲ್ಲಿ ಯೂರೋಪ್ ಮೂಲದ ಸುಮಾರು 34 ಸಾವಿರ ಜನರನ್ನು ಪರೀಕ್ಷಿಸಿದ ವಿಜ್ಞಾನಿಗಳು ಡಿ ಜೀವಸತ್ವದ ಮಟ್ಟಕ್ಕೆ ಸಂಬಂಧಿಸಿದ ಕೆಲವು ಮುಖ್ಯ ವಂಶವಾಹಿಗಳನ್ನು ಗುರುತಿಸಿದರು. ನಮ್ಮ ಉದಾಹರಣೆಯಲ್ಲಿ ಹೇಳುವುದಾದರೆ ಒಂದು ವಂಶವಾಹಿ ಚರ್ಮದಲ್ಲಿ ಬಿತ್ತನೆಯ ಬೀಜ ಎಷ್ಟು ಉಳಿಯಬೇಕೆಂಬುದಕ್ಕೆ ಸಂಬಂಧಿಸಿದ್ದು. ಇನ್ನೊಂದು ಯಕೃತ್ತಿನಲ್ಲಿ ಭತ್ತವನ್ನು ಅಕ್ಕಿ ಮಾಡುವ ಗಿರಣಿಗೆ, ಮತ್ತೊಂದು ರಕ್ತದಲ್ಲಿ ಮೂಟೆ ಹೊತ್ತು ಸಾಗಿಸುವ ಗಾಡಿಗೆ ಸಂಬಂಧಿಸಿದ್ದು. ಹೆಚ್ಚಾದುದನ್ನು ಹಾಳುಮಾಡಿ ಹೊರಹಾಕುವ ಕೆಲಸದ್ದು ಮಗದೊಂದು. ಕೆಲವರಲ್ಲಿ ಗಿರಣಿ ಹುಟ್ಟಿನಿಂದಲೇ ನಿಧಾನ. ಕೆಲವರಲ್ಲಿ ಗಾಡಿ ಚಿಕ್ಕದು.

ಇಂಥ ನಿಧಾನದ ಗುಣಗಳು ಹೆಚ್ಚಾಗಿ ಕೂಡಿಬಂದವರಲ್ಲಿ ಕೊರತೆಯ ಸಂಭವವು ಅತಿ ಕಡಿಮೆ ಇದ್ದವರಿಗಿಂತ ಸುಮಾರು ಎರಡು ಪಟ್ಟು ಎಂದು ಆ ಅಧ್ಯಯನದಲ್ಲಿ ಕಂಡುಬಂದಿತು. 2020ರಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಪರಿಶೀಲಿಸಿದಾಗ ಇನ್ನೂ ನೂರಾರು ಸಣ್ಣ ಪ್ರಭಾವಗಳು ಬೆಳಕಿಗೆ ಬಂದುವು. ಒಂದೊಂದರ ಬಲವೂ ಅತ್ಯಲ್ಪ.

ಹಾಗಾದರೆ ಒಟ್ಟಿನಲ್ಲಿ ವಂಶದ ಪಾಲೆಷ್ಟು? ಇದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ. ಸ್ವೀಡನ್ ದೇಶದ ಅವಳಿ ಜವಳಿಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬೇಸಗೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಅರ್ಧದಷ್ಟು ವಂಶದಿಂದ ಬಂದುದು. ಬಿಸಿಲಿಲ್ಲದ ಚಳಿಗಾಲದಲ್ಲಿ ವಂಶದ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಅಮೆರಿಕದ ಗಂಡಸರ ಅವಳಿಗಳಲ್ಲಿ ನಡೆದ ಮತ್ತೊಂದು ಅಧ್ಯಯನದಲ್ಲಿ ಇದಕ್ಕೆ ವಿರುದ್ಧವಾದ ಫಲ ಬಂದಿತು. ವಿಜ್ಞಾನಿಗಳು ಜಗಳವಾಡುತ್ತಿದ್ದಾರೆಂದು ಇದರಿಂದ ತಿಳಿಯಬಾರದು. ಎರಡು ಅಧ್ಯಯನಗಳಿಂದಲೂ ತಿಳಿಯುವುದು ಇಷ್ಟು: ವಂಶದ ಪಾಲು ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ, ಮನುಷ್ಯನು ಬಾಳುವ ರೀತಿ, ಋತು, ವಯಸ್ಸು ಬದಲಾದಂತೆ ಅದೂ ಬದಲಾಗುತ್ತದೆ. ಗಿರಣಿ ಎಷ್ಟೇ ಚುರುಕಾಗಿರಲಿ, ಭತ್ತವೇ ಬಾರದಿದ್ದರೆ ಅಕ್ಕಿ ಎಲ್ಲಿಂದ ಬಂದೀತು?

ಪೂರ್ತಿಯಾಗಿ ವಂಶದಿಂದಲೇ ಬರುವ ಮೂಳೆರೋಗವೂ ಉಂಟು. ಅದರ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯದಲ್ಲಿ ಸೊಂಟ, ಮಂಡಿಗಳ ಕೀಲು ಕೆಟ್ಟು ಜನ ನಡೆಯಲಾರದಂತಾದ ರೋಗ ಬೆಳಕಿಗೆ ಬಂದಿತು. ಗದ್ದೆಯ ಏಡಿಗಳನ್ನು ತಿಂದುದರಿಂದ ಹೀಗಾಯಿತೆಂದು ಮೊದಲು ಶಂಕಿಸಲಾಗಿತ್ತು. ಮುಂದೆ ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ರೋಗವೆಂದು ಗೊತ್ತಾಯಿತು. ಅಲ್ಲಿ ಬಿಸಿಲಿಗೂ ಊಟಕ್ಕೂ ಮೂಲ ದೋಷವನ್ನು ತಿದ್ದುವ ಶಕ್ತಿಯಿಲ್ಲ. ಡಿ ಜೀವಸತ್ವದ ಕೊರತೆ ಸಾಮಾನ್ಯವಾಗಿ ಇಂಥದ್ದಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ “ವಂಶದ್ದು, ಏನೂ ಮಾಡಲಾಗದು” ಎಂಬ ಮಾತು ಹುಟ್ಟುವುದು.

ಅತ್ತೆ ಸೊಸೆಯರ ಲೆಕ್ಕ

ನಿಮ್ಮ ಮನೆಯನ್ನೇ ತೆಗೆದುಕೊಳ್ಳಿರಿ. ಅತ್ತೆಗೂ ಸೊಸೆಗೂ ರಕ್ತಸಂಬಂಧವಿಲ್ಲ. (ಸೋದರಮಾವನ ಮನೆಗೇ ಹೆಣ್ಣು ಕೊಟ್ಟು ತಂದಿದ್ದರೆ ಮಾತು ಬೇರೆ!) ಆದರೂ ಇಬ್ಬರಿಗೂ ಒಂದೇ ಬಗೆಯ ಮೈನೋವು ಇರುವುದು ಎಷ್ಟೋ ಮನೆಗಳಲ್ಲಿ ಕಾಣುತ್ತದೆ. ಇಬ್ಬರೂ ಒಂದೇ ಕತ್ತಲೆಯ ಅಡುಗೆಮನೆಯಲ್ಲಿ ದಿನ ಕಳೆಯುತ್ತಾರೆ. ಇಬ್ಬರೂ ತಲೆಯಿಂದ ಪಾದದವರೆಗೆ ಬಟ್ಟೆ ಹೊದೆಯುತ್ತಾರೆ. ಇಬ್ಬರೂ ಎಲ್ಲರ ಊಟವಾದ ಮೇಲೆ ಉಳಿದ ಮಜ್ಜಿಗೆಯ ನೀರನ್ನು ಹಂಚಿಕೊಳ್ಳುತ್ತಾರೆ. ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗ ಹೊಲದಲ್ಲಿ ಬರಿಮೈಯಲ್ಲಿ ನೇಗಿಲು ಹಿಡಿದವನು. ಅವನ ಸ್ಥಿತಿ ಬೇರೆ. ರಕ್ತ ಒಂದೇ ಆದರೂ ಬಿಸಿಲು ಬೇರೆ.

ಅಧ್ಯಯನಗಳೂ ಇದನ್ನೇ ಹೇಳುತ್ತವೆ. 2000ದಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ ಆಸ್ಪತ್ರೆಯೊಳಗೆ ದುಡಿಯುವ ಆರೋಗ್ಯವಂತ ವೈದ್ಯರು, ದಾದಿಯರಲ್ಲಿಯೇ ಡಿ ಜೀವಸತ್ವ ಬಹಳ ಕಡಿಮೆ ಇತ್ತು. ಬಯಲಿನಲ್ಲಿರುವ ಸೈನಿಕರಲ್ಲಿ ಹೆಚ್ಚಾಗಿತ್ತು. ನಮ್ಮ ನೆರೆಯ ತಿರುಪತಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಟ್ಟಣಿಗರಿಗಿಂತ ಹಳ್ಳಿಗರಲ್ಲಿಯೂ ಹೆಂಗಸರಿಗಿಂತ ಗಂಡಸರಲ್ಲಿಯೂ ಅದರ ಮಟ್ಟ ಹೆಚ್ಚಾಗಿತ್ತು. ಇದನ್ನು ಓದಿ ನಾವು ಹಳ್ಳಿಯವರು, ನಮಗೇನು ಎಂದು ಸಮಾಧಾನಪಡಬೇಡಿರಿ. ಆ ಹಳ್ಳಿಗರಲ್ಲಿಯೂ ಅನೇಕರಿಗೆ ಸಾಕಷ್ಟಿರಲಿಲ್ಲ. ಅಲ್ಲದೆ ಹಳ್ಳಿಯಲ್ಲಿ ಬಿಸಿಲಿಗೆ ಬೀಳುವವರು ದುಡಿಯುವ ವಯಸ್ಸಿನವರು. ಹೊಲ ಬಿಟ್ಟು ಮನೆ ಸೇರಿದ ವೃದ್ಧರ ಪಾಲಿಗೆ ಹಳ್ಳಿಯೂ ಒಂದೇ, ಪಟ್ಟಣವೂ ಒಂದೇ.

ವಯಸ್ಸು ಮಾಡುವ ಕೆಲಸ

ವೃದ್ಧರಿಗೆ ಕೊರತೆ ಹೆಚ್ಚಾಗುವುದಕ್ಕೆ ಕಾರಣಗಳು ಒಂದರ ಮೇಲೊಂದು ಬಂದು ಸೇರುತ್ತವೆ. ಮೊದಲನೆಯದು ಚರ್ಮ. ವಯಸ್ಸಾದಂತೆ ಚರ್ಮದಲ್ಲಿ ಬಿತ್ತನೆಯ ಬೀಜ ಕಡಿಮೆಯಾಗುತ್ತದೆ. ಎಳೆಯರ ಮತ್ತು 80ರ ಸುಮಾರಿನ ವೃದ್ಧರ ಚರ್ಮದ ತುಣುಕುಗಳನ್ನು ಒಂದೇ ಬೆಳಕಿನಲ್ಲಿಟ್ಟು ನೋಡಿದಾಗ ವೃದ್ಧರ ಚರ್ಮವು ಅರ್ಧಕ್ಕಿಂತ ಕಡಿಮೆ ಡಿ ಜೀವಸತ್ವವನ್ನು ತಯಾರಿಸಿತೆಂದು 1985ರಲ್ಲಿ ಅಮೆರಿಕದಿಂದ ವರದಿಯಾಯಿತು. ಎಂದರೆ ಮೊಮ್ಮಗನಿಗೆ ಸಾಕಾಗುವ ಬಿಸಿಲು ಅಜ್ಜನಿಗೆ ಸಾಲದು. ಎರಡನೆಯದು ಮೂತ್ರಪಿಂಡ. ಅದರ ಶಕ್ತಿ ಕುಂದಿದಾಗ ಅಕ್ಕಿ ಇದ್ದರೂ ಅನ್ನ ಬೇಯುವುದಿಲ್ಲ. ಬಹುಕಾಲದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ಇದು ಬೇಗ ಬರುತ್ತದೆ. ಅತಿ ಸ್ಥೂಲಕಾಯರಲ್ಲಿ ಡಿ ಜೀವಸತ್ವವು ಕೊಬ್ಬಿನಲ್ಲಿ ಸೇರಿಹೋಗಿ ರಕ್ತದಲ್ಲಿ ಕಡಿಮೆಯಾಗುತ್ತದೆ. ಮೂರ್ಛೆರೋಗದ ಕೆಲವು ಮಾತ್ರೆಗಳೂ ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧವೂ ದಾಸ್ತಾನನ್ನು ಬೇಗ ಖರ್ಚುಮಾಡಿಸುತ್ತವೆ. ಹಾಗೆಂದು ಆ ಔಷಧಗಳನ್ನು ಯಾವ ಕಾರಣಕ್ಕೂ ನಿಲ್ಲಿಸತಕ್ಕದ್ದಲ್ಲ. ವೈದ್ಯರಿಗೆ ತಿಳಿಸಿದರೆ ಸಾಕು.

ಮೂರನೆಯ ಕಾರಣ ನಾವೇ. ತಂದೆ ತಾಯಿಗೆ ವಯಸ್ಸಾದಾಗ ಅವರನ್ನು ಕೂರಿಸಿ ಊಟಕ್ಕಿಡುವುದು ಮಕ್ಕಳ ಧರ್ಮವೆಂದು ನಾವು ತಿಳಿದಿದ್ದೇವೆ. “ಬಿಸಿಲಿಗೆ ಹೋಗಬೇಡ ಅವ್ವ, ಒಳಗೆ ಕೂತಿರು” ಎನ್ನುವುದು ಪ್ರೀತಿಯ ಮಾತೇ. ಆದರೆ ಅರವತ್ತು ವರ್ಷ ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸನ್ನು ಒಮ್ಮೆಲೇ ನಡುಮನೆಯ ಮೂಲೆಗೆ ಸೇರಿಸಿದರೆ ಅವಳ ಚರ್ಮಕ್ಕೆ ಬಿಸಿಲು ತಪ್ಪುತ್ತದೆ, ಕಾಲಿಗೆ ನಡಿಗೆ ತಪ್ಪುತ್ತದೆ. ಎರಡೂ ತಪ್ಪಿದಾಗ ಮೂಳೆಯೂ ಸ್ನಾಯುವೂ ಜೊತೆಯಾಗಿ ಸೊರಗುತ್ತವೆ. ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮೊದಲೇ ಸೂರ್ಯದರ್ಶನ ದುರ್ಲಭ. ಅಲ್ಲಿಯ ಹಿರಿಯರು ಉಳಿದ ತಿಂಗಳುಗಳಲ್ಲಿ ಒಳಗೆ ಕುಳಿತರೆ ದಾಸ್ತಾನು ತುಂಬುವ ಕಾಲವೇ ಬರುವುದಿಲ್ಲ.

ಯಾವ ಬಿಸಿಲು, ಎಷ್ಟು ಹೊತ್ತು?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಮುಂಜಾನೆಯ ಎಳೆಬಿಸಿಲು ಮೈಗೆ ಒಳ್ಳೆಯದೆಂದು ನಾವೆಲ್ಲರೂ ಕೇಳಿದ್ದೇವೆ. ಅದು ಮೈಗೆ ಹಿತ ನಿಜ. ಆದರೆ ಡಿ ಜೀವಸತ್ವವನ್ನು ಹುಟ್ಟಿಸುವ ಕಿರಣಗಳು ಸೂರ್ಯನು ತಗ್ಗಿನಲ್ಲಿದ್ದಾಗ ಭೂಮಿಯನ್ನು ತಲುಪುವುದು ಅತಿ ಕಡಿಮೆ. ಬೆಳಿಗ್ಗೆ ಆರೂವರೆಗೆ ಕಟ್ಟೆಯ ಮೇಲೆ ಕಂಬಳಿ ಹೊದೆದು ಕುಳಿತ ಅಜ್ಜನಿಗೆ ಬಿಸಿಲು ಕಾಯಿಸಿದ ಸುಖ ದೊರೆಯುತ್ತದೆ, ಡಿ ಜೀವಸತ್ವ ದೊರೆಯುವುದಿಲ್ಲ. ಗಡಿಯಾರ ಬೇಡ, ನೆರಳನ್ನು ನೋಡಿರಿ. ನಿಂತವರ ನೆರಳು ಅವರ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುವ ಬಿಸಿಲು. ನಮ್ಮ ನಾಡಿನಲ್ಲಿ ಇದು ಸುಮಾರಾಗಿ ಹತ್ತು ಗಂಟೆಯಿಂದ ಮಧ್ಯಾಹ್ನ ಮೂರರವರೆಗೆ.

ಹಾಗೆಂದು ಮಧ್ಯಾಹ್ನದ ಉರಿಬಿಸಿಲಿಗೆ ವೃದ್ಧರನ್ನು ಕೂರಿಸಬಾರದು. ಕಲಬುರಗಿ, ರಾಯಚೂರು, ಬಳ್ಳಾರಿಗಳ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲು ಪ್ರಾಣಕ್ಕೇ ಅಪಾಯಕಾರಿ. ಹತ್ತರಿಂದ ಹನ್ನೊಂದರ ಒಳಗೆ, ತಲೆಗೆ ಟವೆಲನ್ನೋ ಸೆರಗನ್ನೋ ಹೊದಿಸಿ, ತೋಳು, ಮೊಣಕಾಲಿನ ಕೆಳಭಾಗ, ಸಾಧ್ಯವಾದರೆ ಬೆನ್ನು ತೆರೆದಿರುವಂತೆ, 15 ರಿಂದ 30 ನಿಮಿಷ ಕುಳಿತರೆ ಸಾಕು. ಬೇಸಗೆಯಲ್ಲಿ ಇದನ್ನೂ ಕಡಿಮೆ ಮಾಡಿ, ಮೊದಲು ಒಂದು ಲೋಟ ನೀರನ್ನೋ ಮಜ್ಜಿಗೆಯನ್ನೋ ಕುಡಿಸಿರಿ. ತಲೆಸುತ್ತು ಬಂದರೆ ಕೂಡಲೇ ನೆರಳಿಗೆ ಕರೆತನ್ನಿರಿ. ಮುಖವೊಂದನ್ನೇ ಬಿಸಿಲಿಗೆ ಒಡ್ಡುವುದರಿಂದ ಪ್ರಯೋಜನ ಕಡಿಮೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಬೇಕಾದ ಕಿರಣವೇ ಇರುವುದಿಲ್ಲ.

ಮೈಬಣ್ಣ ಕಪ್ಪಾಗಿದ್ದವರಿಗೆ ಹೆಚ್ಚು ಹೊತ್ತು ಬೇಕು. ಚರ್ಮದ ಕಪ್ಪುಬಣ್ಣವು ಸುಡುಬಿಸಿಲಿನಿಂದ ಮೈಯನ್ನು ಕಾಪಾಡುವ ಕೊಡೆಯಂತೆ. ಕೊಡೆಯ ಕೆಳಗೆ ಭತ್ತ ಒಣಗುವುದು ನಿಧಾನವಷ್ಟೆ. ಇದೂ ವಂಶದಿಂದ ಬಂದ ಗುಣವೇ, ದೋಷವಲ್ಲ; ಕಾಲು ಗಂಟೆಯ ಬದಲು ಅರ್ಧ ಗಂಟೆ ಕುಳಿತರೆ ಲೆಕ್ಕ ಸರಿಹೋಗುತ್ತದೆ.

ಮೈ ತೆರೆದು ಕೂರಲು ಹೆಂಗಸರಿಗೆ ಸಂಕೋಚವಿರುವುದು ಸಹಜ. ಹೊರಗೆ ಹೋಗುವಾಗ ಮೈ ತುಂಬ ಹೊದೆಯುವ ಪದ್ಧತಿಯುಳ್ಳ ಮನೆಗಳಲ್ಲಿ ಇದು ಇನ್ನೂ ಕಷ್ಟ. ಹಿತ್ತಿಲಿನಲ್ಲಿ ಸೋಗೆಯ ತಟ್ಟಿಯಿಂದಲೋ ಹಳೆಯ ಸೀರೆಯಿಂದಲೋ ಮರೆಮಾಡಿ ಒಂದು ಮಣೆ ಹಾಕಿಕೊಟ್ಟರೆ ಆಯಿತು. ಮಾಳಿಗೆಯ ಮನೆಯಾದರೆ ಮಾಳಿಗೆಯೂ ಆಗಬಹುದು, ಆದರೆ ಕಾಲು ಸೋತ ವೃದ್ಧರನ್ನು ಏಣಿ ಹತ್ತಿಸಬೇಡಿರಿ. ಸುಮ್ಮನೆ ಕುಳಿತಿರೆಂದರೆ ಹಿರಿಯರು ಒಪ್ಪುವುದಿಲ್ಲ. ಅಂಗಳದಲ್ಲಿ ಹರವಿದ ರಾಗಿಗೆ ಕೋಳಿ ಬಾರದಂತೆ ನೋಡಿಕೊಳ್ಳುವುದು, ಸಂಡಿಗೆ ಹಪ್ಪಳ ಒಣಗಿಸುವುದು, ಅವರೆ ಬಿಡಿಸುವುದು ಮುಂತಾದ ಕೆಲಸವೊಂದನ್ನು ಒಪ್ಪಿಸಿರಿ. ವೈದ್ಯರ ಸಲಹೆಗಿಂತ ಇದು ಹೆಚ್ಚು ದಿನ ನಡೆಯುತ್ತದೆ. ಮೈಗೆ ಎಣ್ಣೆ ಹಚ್ಚಿ ಬಿಸಿಲಿಗೆ ಕುಳಿತುಕೊಳ್ಳುವ ಪದ್ಧತಿಯಿದ್ದರೆ ಬಿಡಬೇಕಾಗಿಲ್ಲ. ಆದರೆ ಗುಣ ಬಿಸಿಲಿನದು, ಎಳ್ಳೆಣ್ಣೆಯಲ್ಲಾಗಲಿ ಹರಳೆಣ್ಣೆಯಲ್ಲಾಗಲಿ ಡಿ ಜೀವಸತ್ವವಿಲ್ಲ.

ತಟ್ಟೆಯಲ್ಲಿ ಏನಿರಬೇಕು?

ಆಹಾರದಿಂದ ಡಿ ಜೀವಸತ್ವ ದೊರೆಯುವುದು ಸ್ವಲ್ಪವೇ. ಕರಾವಳಿಯ ಬೂತಾಯಿ, ಬಂಗುಡೆಯಂಥ ಕೊಬ್ಬುಳ್ಳ ಮೀನುಗಳಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಅದು ಇದೆ. ಮಾಂಸಾಹಾರಿಗಳಾದರೆ ಇವನ್ನು ಹಿರಿಯರಿಗೂ ಬಡಿಸಿರಿ. ಹಲ್ಲಿಲ್ಲದವರಿಗೆ ಮುಳ್ಳು ಬಿಡಿಸಿಕೊಡಿರಿ. ಹಸುವಿನ ಹಾಲಿನಲ್ಲಿ ಸಹಜವಾಗಿ ಇರುವುದು ಅತ್ಯಲ್ಪ. ಈಚೆಗೆ ಕೆಲವು ಪೊಟ್ಟಣದ ಹಾಲಿಗೂ ಅಡುಗೆ ಎಣ್ಣೆಗೂ ಎ ಮತ್ತು ಡಿ ಜೀವಸತ್ವಗಳನ್ನು ಸೇರಿಸಿ, ಅಂಥ ಪೊಟ್ಟಣದ ಮೇಲೆ ಕೂಡಿಸುವ ಚಿಹ್ನೆಯೊಡನೆ ‘ಎಫ್’ ಅಕ್ಷರದ ಗುರುತನ್ನು ಮುದ್ರಿಸುತ್ತಾರೆ. ಕೊಳ್ಳುವಾಗ ನೋಡಿಕೊಳ್ಳಬಹುದು.

ಸುಣ್ಣಾಂಶಕ್ಕೆ ಮಾತ್ರ ನಮ್ಮ ಅಡುಗೆಮನೆಯೇ ಸಾಕು. ರಾಗಿ, ಎಳ್ಳು, ನುಗ್ಗೆಸೊಪ್ಪು, ಹಾಲು, ಮೊಸರು, ಮಜ್ಜಿಗೆ ಇವುಗಳಲ್ಲಿ ಅದು ಧಾರಾಳವಾಗಿದೆ. ಧಾನ್ಯಗಳಲ್ಲಿ ಸುಣ್ಣವನ್ನು ಕಟ್ಟಿಹಾಕುವ ಒಂದು ವಸ್ತುವೂ ಇರುವುದರಿಂದ ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಹಿಟ್ಟು ಮಾಡಿಸಿದರೆ ಹೆಚ್ಚು ಗುಣ. ಮಗುವಿಗೆ ಮಾಡುವ ರಾಗಿಸರಿಯನ್ನೇ ಅಜ್ಜಿಗೂ ಒಂದು ಬಟ್ಟಲು ಕೊಡಬಹುದು.

ಮಾತ್ರೆ, ಪುಡಿ, ಚುಚ್ಚುಮದ್ದು

ಇದು ಬಹಳ ಎಚ್ಚರಿಕೆಯಿಂದ ಓದಬೇಕಾದ ಭಾಗ. ಮುಪ್ಪಿನಲ್ಲಿ ದಿನಕ್ಕೆ ಸುಮಾರು 800 ಯೂನಿಟ್ ಡಿ ಜೀವಸತ್ವ ಬೇಕೆಂದು ಗಣಿಸಲಾಗಿದೆ. ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ವೃದ್ಧೆಯರ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನವೂ 800 ಯೂನಿಟ್ ಡಿ ಜೀವಸತ್ವವನ್ನೂ ಸುಣ್ಣವನ್ನೂ ಪಡೆದವರಲ್ಲಿ ಒಂದೂವರೆ ವರ್ಷದೊಳಗೆ ಸೊಂಟದ ಮೂಳೆಮುರಿತ ನೂರಕ್ಕೆ 43ರಷ್ಟು ಕಡಿಮೆಯಾಯಿತು. ಆದರೆ 25 ಸಾವಿರಕ್ಕೂ ಹೆಚ್ಚು ಅಮೆರಿಕನ್ನರಿಗೆ ದಿನಕ್ಕೆ 2000 ಯೂನಿಟ್‌ನಂತೆ ಕೊಟ್ಟು ನೋಡಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮೂಳೆಮುರಿತ ಕಡಿಮೆಯಾಗಲೇ ಇಲ್ಲ. ವ್ಯತ್ಯಾಸವೇಕೆ? ಮೊದಲನೆಯವರು ಒಳಗೇ ಕುಳಿತ, ಸುಣ್ಣವೂ ಡಿ ಜೀವಸತ್ವವೂ ಕಡಿಮೆಯಿದ್ದ 84 ವರ್ಷದ ಆಸುಪಾಸಿನ ವೃದ್ಧೆಯರು. ಎರಡನೆಯವರು ಸಾಮಾನ್ಯವಾಗಿ ಆರೋಗ್ಯವಂತರು, ಬಹುಮಂದಿಗೆ ಕೊರತೆಯೇ ಇರಲಿಲ್ಲ. ತುಂಬಿದ ಕಣಜಕ್ಕೆ ಇನ್ನಷ್ಟು ಸುರಿದರೆ ಚೆಲ್ಲಿಹೋಗುತ್ತದೆ.

ಹೆಚ್ಚಾದರೆ ಅಪಾಯವೂ ಉಂಟು. ಆಸ್ಟ್ರೇಲಿಯದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಒಟ್ಟಿಗೇ 5 ಲಕ್ಷ ಯೂನಿಟ್ ಕೊಟ್ಟಾಗ ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗುವ ಬದಲು ಹೆಚ್ಚಾದುವೆಂದು 2010ರಲ್ಲಿ ವರದಿಯಾಯಿತು. ನಮ್ಮಲ್ಲಿ ‘ಶಕ್ತಿಯ ಚುಚ್ಚುಮದ್ದು’ ಎಂಬ ಹೆಸರಿನಲ್ಲಿ 6 ಲಕ್ಷ ಯೂನಿಟ್‌ನ ಚುಚ್ಚುಮದ್ದನ್ನು ಮೈನೋವಿಗೆಲ್ಲ ಹಾಕಿಸಿಕೊಳ್ಳುವವರಿದ್ದಾರೆ. ಹಾಕುವವರೂ ಇದ್ದಾರೆ. ಅರ್ಹ ವೈದ್ಯರು ಪರೀಕ್ಷಿಸಿ ಹೇಳದ ಹೊರತು ಇದನ್ನು ಹಾಕಿಸಕೂಡದು.

ಇನ್ನು 60 ಸಾವಿರ ಯೂನಿಟ್‌ನ ಪುಡಿಯ ಪೊಟ್ಟಣ ಅಥವಾ ಗುಳಿಗೆ. ಕೊರತೆಯಿರುವವರಿಗೆ ವೈದ್ಯರು ಇದನ್ನು ಸಾಮಾನ್ಯವಾಗಿ ವಾರಕ್ಕೆ ಒಂದರಂತೆ ಕೆಲವು ವಾರಗಳ ಕಾಲ ಮಾತ್ರ ಬರೆದುಕೊಡುತ್ತಾರೆ. ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಪ್ಪಾಗಿ ತಿಳಿದು ಸೇವಿಸಿದರೆ ರಕ್ತದಲ್ಲಿ ಸುಣ್ಣ ಮಿತಿಮೀರಿ ವಾಂತಿ, ಬಾಯಾರಿಕೆ, ಮಲಬದ್ಧತೆ, ಬುದ್ಧಿಭ್ರಮೆ ಉಂಟಾಗಿ ಮೂತ್ರಪಿಂಡವೂ ಕೆಡಬಹುದು. ಓದು ಬಾರದ ಹಿರಿಯರ ಕೈಗೆ ಪೊಟ್ಟಣಗಳನ್ನು ಒಟ್ಟಿಗೆ ಕೊಡಬೇಡಿರಿ. ಸಂತೆಯ ದಿನ ಒಂದು ಎಂದು ಗೊತ್ತುಮಾಡಿ, ಗಂಡನೋ ಹೆಂಡತಿಯೋ ಒಬ್ಬರು ಕೈಯಾರೆ ಕೊಟ್ಟು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಮೂತ್ರಕೋಶದ ಕಲ್ಲು ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಅದನ್ನು ಮೊದಲೇ ವೈದ್ಯರಿಗೆ ಹೇಳತಕ್ಕದ್ದು.

ಎಲ್ಲರಿಗೂ ರಕ್ತಪರೀಕ್ಷೆ ಬೇಕೆ? ಬೇಕಾಗಿಲ್ಲ. ಆರೋಗ್ಯವಾಗಿರುವವರಿಗೆ ಸುಮ್ಮನೆ ಈ ಪರೀಕ್ಷೆ ಮಾಡಿಸುವುದು ಅನಗತ್ಯವೆಂದೂ 75 ದಾಟಿದವರಿಗೆ ಪರೀಕ್ಷೆಯಿಲ್ಲದೆಯೇ ಮಿತಪ್ರಮಾಣದಲ್ಲಿ ಡಿ ಜೀವಸತ್ವ ಕೊಡಬಹುದೆಂದೂ ಅಮೆರಿಕದ ಎಂಡೋಕ್ರೈನ್ ಸೊಸೈಟಿಯ ತಜ್ಞರು 2024ರಲ್ಲಿ ಸಲಹೆ ಮಾಡಿದ್ದಾರೆ. ವಂಶವಾಹಿಗಳ ಪರೀಕ್ಷೆಯಂತೂ ಇದಕ್ಕಾಗಿ ಬೇಡವೇ ಬೇಡ. ಗಿರಣಿ ನಿಧಾನವೆಂದು ತಿಳಿದರೂ ಮಾಡಬೇಕಾದ ಕೆಲಸ ಅದೇ ತಾನೆ? ರಕ್ತಪರೀಕ್ಷೆಯ ಚೀಟಿಯಲ್ಲಿ 30ಕ್ಕಿಂತ ಕಡಿಮೆಯಾದುದನ್ನೆಲ್ಲ ಕೊರತೆಯೆಂದು ಮುದ್ರಿಸುವ ಪ್ರಯೋಗಾಲಯಗಳುಂಟು. 20ರ ಮೇಲಿದ್ದರೆ ಹೆಚ್ಚಿನವರ ಮೂಳೆಗೆ ಸಾಕು. 12ರ ಕೆಳಗಿಳಿದರೆ ಚಿಂತಿಸಬೇಕು. ಚೀಟಿಯ ಕೆಂಪಕ್ಷರ ಕಂಡು ಹೆದರಿ ಸಾಲ ಮಾಡಿ ಔಷಧ ಕೊಳ್ಳಬೇಡಿರಿ.

ಲೇಖನದ ಮೊದಲಿನಲ್ಲಿ ಹೇಳಿದ ಲಕ್ಷಣಗಳಿದ್ದರೆ ಮಾತ್ರ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಎಲ್ಲ ಮೂಳೆನೋವೂ ಡಿ ಜೀವಸತ್ವದ ಕೊರತೆಯಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕೋಲಾರ, ಪಾವಗಡ ಮುಂತಾದ ಕಡೆಗಳಲ್ಲಿ ಬೆನ್ನು ಬಿಗಿದು ಬಗ್ಗದಂತಾಗುವ ರೋಗವೂ ಉಂಟು. ವೈದ್ಯರು ಎರಡನ್ನೂ ಬೇರ್ಪಡಿಸಿ ಹೇಳಬಲ್ಲರು. ಹೋಗುವಾಗ ಹಿರಿಯರು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಕುಡಿಯುವ ನೀರು ಯಾವ ಬಾವಿಯದು, ದಿನದಲ್ಲಿ ಎಷ್ಟು ಹೊತ್ತು ಹೊರಗಿರುತ್ತಾರೆ, ಕಳೆದ ವರ್ಷ ಎಷ್ಟು ಬಾರಿ ಬಿದ್ದರು ಎಂಬ ಮೂರು ಸಂಗತಿಗಳನ್ನು ಮನೆಯಲ್ಲಿಯೇ ಕೇಳಿ ತಿಳಿದುಕೊಂಡಿರಿ. ಬಿದ್ದುದನ್ನು ಹಿರಿಯರು ಸಾಮಾನ್ಯವಾಗಿ ಮುಚ್ಚಿಡುತ್ತಾರೆ. ಅವರನ್ನು ಮಗ ಕೇಳುವುದಕ್ಕಿಂತ ಸೊಸೆಯೋ ಮೊಮ್ಮಗಳೋ ಕೇಳಿದರೆ ನಿಜ ಹೇಳುವ ಸಂಭವ ಹೆಚ್ಚು.